ಹದಿನೇಳು ವೋಲ್ಟು

ಬಿಸಿನೀರಿಗೆ ಅಡುಗೆ ಸೋಡಾ ಕದಡಿ, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ನಾನು ಬ್ಯಾಟರಿಯ ತಲೆ ತಿಕ್ಕುತ್ತಿದ್ದೆ. ಟರ್ಮಿನಲ್ ಸುತ್ತ ಹಸಿರು ಬಿಳಿ ಹಿಟ್ಟು ಕೀವುಗಟ್ಟಿದ ಹುಣ್ಣಿನ ಹಾಗೆ ಉಬ್ಬಿಕೊಂಡಿತ್ತು. ಸೋಡಾನೀರು ಬಿದ್ದಲ್ಲಿ ನೊರೆ ಎದ್ದಿತು. ಒಂದು ಮುಚ್ಚಳ ತಿರುಗಿಸಿ ತೆಗೆದೆ. ಒಳಗಿನಿಂದ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ರಾಚಿತು. ವೇಲನ್ನು ಮೂಗಿಗೆ ಕಟ್ಟಿಕೊಂಡಿದ್ದರೂ ಅದು ನಾಲಿಗೆಯ ಮೇಲೆ ಬಂದು ಕೂತಿತು.



ನನ್ನ ಎದುರಿಗೆ ಈಶ್ವರಪ್ಪ ದೊಡ್ಡಪ್ಪ ಬೋರ್‌ವೆಲ್ ಮೋಟಾರಿನ ತಾಮ್ರದ ತಂತಿ ಸುತ್ತಿದ ಕಾಯಿಲಿಗೆ ದಾರ ಕಟ್ಟುತ್ತಿದ್ದರು. ಎರಡು ಸುತ್ತು ಮುಂದೆ, ಒಂದು ಸುತ್ತು ಹಿಂದೆ, ದಾರದ ಬಾಲ ಗಂಟಿನ ಹೊಟ್ಟೆಯೊಳಗೆ, ಮೇಲೊಂದು ಹನಿ ವಾರ್ನಿಶ್. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಾಕಿದ ಗಂಟು ಅದು. ನನಗೂ ಅದನ್ನೇ ಕಲಿಸಿದ್ದರು. ಆದರೆ ಅವರು ಎಡಚರು. ಅವರ ಗಂಟಿನ ಬಾಲ ಎಡಕ್ಕೆ ಬೀಳುತ್ತದೆ, ನನ್ನದು ಬಲಕ್ಕೆ. ಯಾವ ಕಾಯಿಲು ಯಾರು ಕಟ್ಟಿದ್ದು ಅಂತ ನಮ್ಮ ಅಂಗಡಿಯಲ್ಲಿ ಕೇಳುವ ಅಗತ್ಯ ಬರುತ್ತಿರಲಿಲ್ಲ.

ಗೋಡೆ ಬದಿಯ ಬೆಂಚಿನ ತುದಿಯಲ್ಲಿ ಕರಿಬಸಮ್ಮ ಕೂತಿದ್ದಳು. ಮಡಿಲಲ್ಲಿ ಸ್ಟೀಲ್ ಡಬ್ಬಿ. ಮಗನಿಗೆ ಅಂತ ದಿನಾ ಕಟ್ಟಿಕೊಂಡು ಬರುತ್ತಾಳೆ, ಜೈಲಿನವರು ಅದನ್ನು ಒಳಗೆ ಬಿಡುವುದಿಲ್ಲ, ಅಲ್ಲಿಂದ ಬಂದು ನಮ್ಮ ಬೆಂಚಿನ ಮೇಲೆ ಕೂತಿದ್ದು ಸಂಜೆ ವಾಪಸ್ ಒಯ್ಯುತ್ತಾಳೆ.

ಅವಳ ಮಗ ಹಾಲೇಶ್ ದೋಣಿ ಓಡಿಸುವವನು. ಇಪ್ಪತ್ತಾರು ದಿನದ ಹಿಂದೆ, ಸಕ್ರೆಬೈಲಿನಿಂದ ಆಚೆ ಹಿನ್ನೀರಿನಲ್ಲಿ, ದಡಕ್ಕೆ ತರುವಾಗ ಅವನ ದೋಣಿ ನೀರೊಳಗಿನ ಮರದ ಬೊಡ್ಡೆಗೆ ಗುದ್ದಿ, ದುರ್ಗಿಗುಡಿಯ ಮೀರಾ ಟೀಚರ್ ಸತ್ತರು. ಸ್ಪೀಡಿನ ಹಿಡಿಕೆ ಹಿಂದಕ್ಕೆ ಎಳೆದರೂ ಎಂಜಿನ್ ಸ್ಪೀಡ್ ಇಳಿಯಲಿಲ್ಲ, ಆಫ್ ಮಾಡುವಷ್ಟರಲ್ಲಿ ಬೊಡ್ಡೆ ಬಂದಿತ್ತು ಅನ್ನುವುದು ಹಾಲೇಶನ ಮಾತು. ಎಂಜಿನ್ನಿನಲ್ಲಿ ದೋಷವೇ ಇರಲಿಲ್ಲ, ಶೋಕಿಗೆ ಓಡಿಸಿದ ಅನ್ನುವುದು ದೋಣಿ ಮಾಲೀಕ ನಿಶಾಂತನ ಮಾತು. ಎರಡರಲ್ಲಿ ಯಾವುದು ನಿಜ ಅಂತ ಹೇಳಲು ಪೊಲೀಸರು ಎಂಜಿನ್ನನ್ನು ಮಾಚೇನಹಳ್ಳಿಯ ನಮ್ಮ ಅಂಗಡಿಗೆ ತಂದಿದ್ದರು. ಸುಟ್ಟ ಮೋಟಾರು ನೋಡಿ ಸುಟ್ಟವರ ಹೆಸರು ಹೇಳುವ ಮನುಷ್ಯ ಅಂತ ದೊಡ್ಡಪ್ಪನಿಗೆ ಸುತ್ತಲಿನ ಠಾಣೆಗಳಲ್ಲೆಲ್ಲ ಹೆಸರಿತ್ತು.

ಮಧ್ಯಾಹ್ನ ಮೂರಕ್ಕೆ ಮುಂಚೆ ಅವರು ರಿಪೋರ್ಟಿಗೆ ರುಜು ಹಾಕಬೇಕು. ಎಂಜಿನ್ ಸರಿ ಇದೆ ಅಂತ ಬರೆದರೆ ಇವತ್ತು ಕೋರ್ಟಿನಲ್ಲಿ ಹಾಲೇಶನಿಗೆ ಜಾಮೀನಿಲ್ಲ. ಆಮೇಲೆ ಎಷ್ಟು ವರ್ಷವೋ.

ಈಗ ಹನ್ನೆರಡೂವರೆ.

"ನಂಬರ್ ಕಾಣ್ತಾ ಕವನಾ?" ಹೆಡ್ ಕಾನ್‌ಸ್ಟೇಬಲ್ ಜಯಪ್ಪ ಕೇಳಿದರು. ಬ್ಯಾಟರಿಯ ಮೇಲಿನ ನಂಬರು ಅವರಿಗೆ ಬರೆದುಕೊಳ್ಳಬೇಕಿತ್ತು. ಅದಕ್ಕೇ ನಾನು ತಿಕ್ಕುತ್ತಿದ್ದದ್ದು. ಅವರು ನನ್ನಿಂದ ಎರಡು ಮಾರು ದೂರದಲ್ಲಿ ಪೇಪರಿನ ಮೇಲೆ ಮಂಡಕ್ಕಿ ಹರವಿಕೊಂಡು ಮಿರ್ಚಿ ಕಡಿಯುತ್ತಿದ್ದರು. ಈ ವಾಸನೆಯಲ್ಲಿ.

"ಕೊನೆಯ ಎರಡಂಕಿ ಅಳಿಸಿ ಹೋಗಿದೆ ಸಾರ್."

"ಅಳಿಸಿಹೋಗಿದೆ ಅಂತ ಬರೀತೀನಿ ಬಿಡು. ಏನ್ ನಾತ ಮಾರಾಯ್ತಿ ಇದು. ಹೆಣ ಕಾಯುವಾಗಲೂ ಇಷ್ಟು ಕಷ್ಟ ಆಗಿರಲಿಲ್ಲ ನನಗೆ." ಹೇಳಿ ಇನ್ನೊಂದು ಮಿರ್ಚಿ ತೆಗೆದುಕೊಂಡರು.

ನಾನು ಬ್ಯಾಟರಿಯ ಉಳಿದ ಐದು ಮುಚ್ಚಳಗಳನ್ನೂ ತೆಗೆದೆ. ಒಂದರಲ್ಲೂ ನೀರಿಲ್ಲ. ಒಳಗಿನ ತಗಡುಗಳು ಬೆತ್ತಲೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಹಲ್ಲು ಹಾಳಾದ ಬಾಯಿಯ ಹಾಗೆ ಕಂಡವು. ಬ್ಯಾಟರಿಯ ಎರಡೂ ಪಕ್ಕೆ ಹೊರಗೆ ಉಬ್ಬಿತ್ತು.

ಕುದ್ದು ಕುದ್ದು ಸತ್ತ ಬ್ಯಾಟರಿ.

ಅಂಗಳದಲ್ಲಿ ಅದರ ಎಂಜಿನ್ ಇತ್ತು. ದೋಣಿಯ ಹಿಂಭಾಗಕ್ಕೆ ನೇತುಹಾಕುವ ಜಾತಿಯದು, ಇಪ್ಪತ್ತೈದು ವರ್ಷ ಹಳೆಯದು. ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಕೆಳಗಿನ ರೆಕ್ಕೆಯನ್ನು ಇನ್ನೂರು ಲೀಟರಿನ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದ್ದೆವು. ಬೆಳಿಗ್ಗೆ ಜಯಪ್ಪನವರು ಸೀಲ್ ಒಡೆದ ಮೇಲೆ, ನಮ್ಮ ಅಂಗಡಿಯದೇ ಒಳ್ಳೆಯ ಬ್ಯಾಟರಿ ಜೋಡಿಸಿ ಓಡಿಸಿಯೂ ಆಗಿತ್ತು. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ನಮ್ಮ ಮೀಟರ್ ಸಿಕ್ಕಿಸಿದರೆ ನಿಧಾನದ ಓಟದಲ್ಲಿ ನಿಮಿಷಕ್ಕೆ ಎಂಟುನೂರು ಸುತ್ತು. ಹಿಡಿಕೆ ಮುಂದೆ ತಳ್ಳಿದರೆ ಏರಿತು, ಹಿಂದಕ್ಕೆ ಎಳೆದರೆ ಇಳಿಯಿತು. ಚಾರ್ಜಿಂಗ್ ಹದಿನಾಲ್ಕು ಪಾಯಿಂಟ್ ಎರಡು ವೋಲ್ಟು. ಪುಸ್ತಕದಲ್ಲಿ ಬರೆದ ಹಾಗೆ.

ನನಗೆ ಅದೇ ಸರಿ ಕಾಣಲಿಲ್ಲ. ಹದಿನಾಲ್ಕು ವೋಲ್ಟಿಗೆ ಯಾವ ಬ್ಯಾಟರಿಯೂ ಹೀಗೆ ಕುದಿಯುವುದಿಲ್ಲ.

"ಏನ್ ಮೇಸ್ತ್ರಿ, ನಿಮ್ಮ ಇಂಜಿನಿಯರ್ ಮೇಡಂ ಇನ್ನೂ ಪಾತ್ರೆ ತೊಳೀತಾನೇ ಇದಾರಲ್ಲ."

ರೂಪೇಶ್. ನಿಶಾಂತನ ದೋಣಿಗಳ ಮೆಕ್ಯಾನಿಕ್ಕು. ಬಿಳಿ ಅಂಗಿ, ಮೈಗೆಲ್ಲ ಸೆಂಟು. ಮಾಲೀಕನ ಪರವಾಗಿ ಪರೀಕ್ಷೆ ನೋಡಲು ಬಂದಿದ್ದ. ಬೆಳಿಗ್ಗೆಯಿಂದ ಅಂಗಳದಲ್ಲಿ ಓಡಾಡುತ್ತ, ಬಾಯಿ ತುಂಬಿದಾಗಲೆಲ್ಲ ಡ್ರಮ್ಮಿನ ನೀರಿಗೇ ಉಗಿಯುತ್ತಿದ್ದ. ಎಣ್ಣೆಯ ಪದರದ ಮೇಲೆ ಗುಟ್ಕಾದ ಕೆಂಪು ಎಳೆ ಎಳೆಯಾಗಿ ತೇಲುತ್ತಿತ್ತು. ಆ ನೀರಿಗೆ ಕೈ ಹಾಕಬೇಕಾದವಳು ನಾನು.

"ಅಲ್ಲಿ ಉಗೀಬೇಡಿ" ಅಂದೆ.

"ಯಾಕೆ, ಕುಡಿಯೋ ನೀರಾ?"

ದೊಡ್ಡಪ್ಪ ತಲೆ ಎತ್ತಲಿಲ್ಲ. ಬೇರೆ ದಿನವಾಗಿದ್ದರೆ ಅವನ ಕತ್ತು ಹಿಡಿದು ಹೊರಗೆ ಬಿಡುತ್ತಿದ್ದರು.

"ಮುಗಿಸೋಣ ಜಯಪ್ಪ" ಅಂದರು ಅವರು, ದಾರ ಕತ್ತರಿಸುತ್ತ. "ಎಂಜಿನ್ನನ್ನ ನಾನು ಇವತ್ತೇ ಮೊದಲ ಸಲ ನೋಡ್ತಿರೋದು. ಓಡಿಸಿದ್ದಾಯ್ತು. ಸ್ಪೀಡ್ ಸರಿ ಇದೆ, ಚಾರ್ಜಿಂಗ್ ಸರಿ ಇದೆ. ಕಂಡಿದ್ದು ಬರೀತೀನಿ, ರುಜು ಹಾಕ್ತೀನಿ."

ಬೆಂಚಿನ ಮೇಲೆ ಕರಿಬಸಮ್ಮನ ಡಬ್ಬಿ ಸಣ್ಣಗೆ ಸದ್ದು ಮಾಡಿತು.

ಜಯಪ್ಪ ಕೈ ಒರೆಸಿಕೊಂಡು ಫೈಲ್ ತೆಗೆದರು. "ವಿಡಿಯೋದಲ್ಲೂ ಅದೇ ಇದೆಯಲ್ಲ ಮೇಸ್ತ್ರಿ. ದಡ ಹತ್ತಿರ ಬಂದ್ರೂ ಸ್ಪೀಡಿನ ಮುಳ್ಳು ಅಲ್ಲೇ ಮೇಲಿದೆ."

"ಹೆಣ್ಣುಮಕ್ಕಳು ಮುಂದೆ ಕೂತ್ರೆ ಕೆಲವರಿಗೆ ಕೈ ಹಿಂದೆ ಬರಲ್ಲ ಸಾರ್" ಅಂದ ರೂಪೇಶ್. "ಆ ಟೀಚರ್ ನೋಡೋಕೂ ಹಾಗೇ ಇದ್ರು ಬಿಡಿ. ತೋರಿಸಿ, ಇನ್ನೊಂದು ಸಲ ನೋಡೋಣ."

ಸತ್ತವಳ ವಿಡಿಯೋವನ್ನು ಅವನು ಬೆಳಿಗ್ಗೆಯಿಂದ ಮೂರು ಸಲ ಕೇಳಿ ನೋಡಿದ್ದ. ಎರಡು ಬೆರಳಿನಿಂದ ದೊಡ್ಡದು ಮಾಡಿದ್ದು ಮೀಟರನ್ನಲ್ಲ.

ನಾನು ಎದ್ದು ಕೈ ತೊಳೆದುಕೊಂಡೆ. ಜಯಪ್ಪನವರ ಹತ್ತಿರ ಹೋಗಿ ನಿಂತೆ. ಗಂಡಸರ ಮಧ್ಯೆ ಮಾತಾಡುವಾಗ ನನಗೆ ಕಿವಿ ಬಿಸಿಯಾಗುತ್ತದೆ. ಆಯಿತು.

"ಸಾರ್, ನಾನೊಂದು ಸಲ ನೋಡಬಹುದಾ? ಸೌಂಡ್ ಹಾಕಿ."

"ಸೌಂಡ್ ಬೇಡ ಕಣಮ್ಮ." ಅವರು ಬೆಂಚಿನ ಕಡೆ ಕಣ್ಣು ತೋರಿಸಿದರು. "ಕೊನೆಯಲ್ಲಿ ಕಿರುಚಾಟ ಇದೆ. ಆ ಯಮ್ಮ ಕೂತಿದಾಳೆ."

"ಕೊನೆ ಬರೋ ಮುಂಚೆ ನಿಲ್ಲಿಸ್ತೀನಿ."

ಹದಿನಾಲ್ಕು ಸೆಕೆಂಡಿನ ವಿಡಿಯೋ. ಮೀರಾ ಟೀಚರ್ ತಾವೇ ತೆಗೆದದ್ದು. ಮೊದಲು ಅವರ ಮುಖ, ಗಾಳಿಗೆ ಹಾರುವ ಕೂದಲು. ಆಮೇಲೆ ಮೊಬೈಲ್ ತಿರುಗಿ ಹಾಲೇಶನ ಬೆನ್ನು, ಅವನ ಮುಂದಿನ ಮೀಟರುಗಳು. ಎಂಜಿನ್ನಿನ ಕಿವಿ ಕೊರೆಯುವ ಸದ್ದು. ಆ ಸದ್ದಿನ ಮೇಲೆ ಅವರ ನಗು, ಪಕ್ಕದವರಿಗೆ ಹೇಳಿದ ಮಾತು.

"ಅಯ್ಯೋ, ಮೊಟ್ಟೆ ಕೊಳೆತ ವಾಸನೆ ಕಣೇ. ಯಾರು ತಂದಿದ್ದು?"

ನಾನು ನಿಲ್ಲಿಸಿದೆ.

ಒಂಬತ್ತನೆಯ ಸೆಕೆಂಡು. ಪರದೆಯ ಮೇಲೆ ಎರಡು ಮೀಟರು. ದೊಡ್ಡದು ಸ್ಪೀಡಿನದು. ಇಪ್ಪತ್ತಾರು ದಿನದಿಂದ ಎಲ್ಲರೂ ನೋಡಿದ್ದು ಅದನ್ನೇ. ಅದರ ಪಕ್ಕ ಬಳೆಯಷ್ಟಗಲದ ಇನ್ನೊಂದು, ವೋಲ್ಟಿನದು. ನಾನು ಅದನ್ನು ದೊಡ್ಡದು ಮಾಡಿದೆ. ಮುಳ್ಳು ಬಲಗಡೆ ಕೆಂಪು ಪಟ್ಟಿ ದಾಟಿ ನಿಂತಿತ್ತು.

"ಹದಿನೇಳು ವೋಲ್ಟು ಸಾರ್" ಅಂದೆ. "ಸ್ವಲ್ಪ ಮೇಲೇ."

"ಅದಕ್ಕೇನೀಗ?"

"ಬೆಳಿಗ್ಗೆ ನಾವು ನೋಡಿದಾಗ ಹದಿನಾಲ್ಕೂ ಚಿಲ್ಲರೆ. ಅದೇ ಎಂಜಿನ್."

ರೂಪೇಶ್ ನಕ್ಕ. "ಜೋರಾಗಿ ಓಡಿಸಿದ್ರೆ ವೋಲ್ಟ್ ಜಾಸ್ತಿ ಬರುತ್ತಮ್ಮ. ಅಷ್ಟೂ ಗೊತ್ತಿಲ್ವಾ? ಅವನು ಜೋರಾಗಿ ಓಡಿಸಿದ ಅಂತ ತಾನೇ ನಾವು ಹೇಳ್ತಿರೋದು."

"ರೆಗ್ಯುಲೇಟರ್ ಇಲ್ಲದಿದ್ದರೆ ಬರುತ್ತೆ."

ಅವನ ದವಡೆ ಒಂದು ಕ್ಷಣ ಅಗಿಯುವುದು ನಿಲ್ಲಿಸಿತು.

ಜಯಪ್ಪ ಪೆನ್ನು ಕಿವಿಗೆ ಸಿಕ್ಕಿಸಿಕೊಂಡರು. "ನನಗೆ ಅರ್ಥ ಆಗೋ ಥರ ಹೇಳು ಮಾರಾಯ್ತಿ."

"ಎಂಜಿನ್ ತಿರುಗಿದ್ರೆ ಒಳಗಿನ ಕಾಯಿಲು ಕರೆಂಟ್ ಹುಟ್ಟಿಸುತ್ತೆ ಸಾರ್. ಎಂಜಿನ್ ಜೋರಾದಷ್ಟೂ ಕರೆಂಟ್ ಜೋರು. ಅದು ಹದಿನಾಲ್ಕು ಚಿಲ್ಲರೆ ದಾಟದ ಹಾಗೆ ಹಿಡಿಯೋದಕ್ಕೆ ಒಂದು ಕಪ್ಪು ಡಬ್ಬಿ ಇರುತ್ತೆ, ಅದೇ ರೆಗ್ಯುಲೇಟರ್. ಅದು ಇದ್ರೆ ಎಷ್ಟು ಜೋರು ಓಡಿಸಿದ್ರೂ ಹದಿನೇಳು ಬರಲ್ಲ. ಇಲ್ಲದಿದ್ರೆ ಬರುತ್ತೆ, ಬ್ಯಾಟರಿ ಕುದಿಯುತ್ತೆ, ಈ ವಾಸನೆ ಬರುತ್ತೆ. ಟೀಚರ್ ಹೇಳಿದ ವಾಸನೆ." ನಾನು ಬ್ಯಾಟರಿ ತೋರಿಸಿದೆ. "ಇದು ಒಂದು ದಿನದಲ್ಲಿ ಹೀಗಾಗಿದ್ದಲ್ಲ. ನಿಧಾನಕ್ಕೆ ಓಡಬೇಕಾದಾಗಲೂ ಜೋರಾಗೇ ಓಡ್ತಿತ್ತು ಈ ಎಂಜಿನ್. ದಿನಾ."

ಅಷ್ಟು ಮಾತನ್ನು ಒಟ್ಟಿಗೆ ನಾನು ಯಾವತ್ತು ಆಡಿದ್ದೆನೋ ನೆನಪಿಲ್ಲ.

"ರೆಗ್ಯುಲೇಟರ್ ಅಲ್ಲೇ ಇದೆಯಲ್ಲ" ಅಂದ ರೂಪೇಶ್, ಎಂಜಿನ್ನಿನ ಕಡೆ ಗಲ್ಲ ತಿರುವಿ. "ಗೌರಿ ಹಬ್ಬದ ಹೊತ್ತಿಗೆ ನಾನೇ ಹೊಸದು ಹಾಕಿದ್ದು. ಕಾರ್ಬುರೇಟರ್ ಪ್ಯಾಕಿಂಗೂ ಆವಾಗಲೇ ಬದಲಾಯಿಸಿದ್ದು. ಆಮೇಲೆ ಆ ಎಂಜಿನ್ನಿಗೆ ಒಂದು ಸ್ಪ್ಯಾನರ್ ಮುಟ್ಟಿಸಿಲ್ಲ. ಸ್ಟೇಟ್‌ಮೆಂಟ್ ಕೊಟ್ಟಿದೀನಿ, ಓದಿ ಸಾರ್. ಮೊಬೈಲ್ ಕ್ಯಾಮರಾದಲ್ಲಿ ಮುಳ್ಳು ಅಲ್ಲಾಡಿ ಹಾಗೆ ಕಂಡಿರುತ್ತೆ."

ಜಯಪ್ಪ ಹಾಳೆ ತಿರುವಿದರು. "ಹೌದು. ಬರೆದಿದಾನೆ."

"ನೋಡಿದ್ರಾ?"

ಪ್ಯಾಕಿಂಗ್ ಅನ್ನುವ ಮಾತು ನನಗೆ ಇನ್ನೊಂದು ಬಾಗಿಲು ತೆಗೆಯಿತು. ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ಹರಿದರೆ ಎಂಜಿನ್ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಆಗ ಹಿಡಿಕೆ ಹಿಂದಕ್ಕೆ ಎಳೆದರೂ ಸ್ಪೀಡ್ ಇಳಿಯುವುದಿಲ್ಲ. ಹಾಲೇಶ್ ಹೇಳಿದ್ದು ಅದನ್ನೇ. ಬೆಳಿಗ್ಗೆ ನಾನು ಅಲ್ಲಿ ನೋಡಿದ ಪ್ಯಾಕಿಂಗ್ ಹೊಸದು. ಅಂಚಿನ ಗೋಂದು ಇನ್ನೂ ಬೆಳ್ಳಗಿತ್ತು. ಆದರೆ ಗೋಂದಿಗೆ ತಾರೀಕು ಬರೆದಿರುವುದಿಲ್ಲ. ಯಾವಾಗ ಹಚ್ಚಿದ್ದು ಅಂತ ಅದನ್ನು ಕೇಳಿ ಪ್ರಯೋಜನವಿಲ್ಲ. ಡಬ್ಬಿ, ಪ್ಯಾಕಿಂಗ್ ಎರಡೂ ಒಂದೇ ಸಲ ಹಾಕಿದ್ದು ಅಂತ ಅವನೇ ಹೇಳಿದ್ದ, ಹಾಗಾದರೆ ಡಬ್ಬಿ ಯಾವಾಗ ಬಂತು ಅಂತ ತಿಳಿದರೆ ಸಾಕು.

ನಾನು ಬೆಂಚಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಕರಿಬಸಮ್ಮ, ಆಯುಧ ಪೂಜೆ ದಿನ ನೀವು ದೋಣಿ ಹತ್ತಿರ ಹೋಗಿದ್ರಾ?"

"ಹೋಗ್ದೆ ಇರ್ತೀನಾ ಮಗಾ. ನಮ್ ಹಾಲೇಶನೇ ಕರ್ಕಂಡು ಹೋಗಿದ್ದ. ಬೂದುಗುಂಬಳಕಾಯಿ ಹೊತ್ಕಂಡು ಹೋಗಿದ್ದು ನಾನೇ."

"ಎಂಜಿನ್ನಿಗೆ ಪೂಜೆ ಯಾರು ಮಾಡಿದ್ದು?"

"ನಾನೇಯ. ಅವನು ಮೇಲಿನ ಟೊಪ್ಪಿಗೆ ತೆಗ್ದ. ವಿಭೂತಿ ಬಳಿದು ಕುಂಕುಮ ಇಡವ್ವ ಅಂದ. ಮಸಿ, ಎಣ್ಣೆ, ಎಲ್ಲಿ ಇಡೋದು? ಹುಡುಕಿದೆ. ಒಂದು ಕಡೆ ಬೋಳು ಜಾಗ ಇತ್ತು. ಎರಡು ತೂತು, ಕಣ್ಣು ಇದ್ದಂಗೆ." ಅವಳು ತನ್ನ ಎರಡು ಬೆರಳನ್ನು ಎರಡು ಕಣ್ಣಿನ ಮುಂದೆ ಹಿಡಿದಳು. "ಇದಕ್ಕೂ ಹಣೆ ಐತಲ್ಲ ಅಂತ ನಗಾಡ್ಕಂಡು, ಎರಡರ ಮಧ್ಯಕ್ಕೆ ಇಟ್ಟೆ. ನೀರಲ್ಲಿ ಕಲಸಿದ್ದು, ಗಟ್ಟಿಗೆ."

"ಅಲ್ಲಿ ಕಪ್ಪು ಡಬ್ಬಿ ಥರದ್ದು ಏನಾದರೂ ಇತ್ತಾ?"

"ಡಬ್ಬಿ ಎಲ್ಲಿಂದ ಬರುತ್ತೆ? ಬೋಳು ಅಂದ್ನಲ್ಲ."

ನಾನು ತಿರುಗಿ ನೋಡಿದೆ. ಅಂಗಳದ ಬಿಸಿಲಿನಲ್ಲಿ, ಟೊಪ್ಪಿಗೆ ತೆಗೆದ ಎಂಜಿನ್ನಿನ ಪಕ್ಕೆಯಲ್ಲಿ, ಅಂಗೈ ಅಗಲದ ಕಪ್ಪು ರೆಗ್ಯುಲೇಟರ್ ಎರಡು ಸ್ಕ್ರೂಗಳ ಮೇಲೆ ಕೂತಿತ್ತು.

ರೂಪೇಶನೂ ಅದನ್ನೇ ನೋಡುತ್ತಿದ್ದ.

"ಮುದುಕಿ ಮಾತು ಕಟ್ಕೊಂಡು" ಅಂದ. "ಮಗನ್ನ ಬಿಡಿಸೋಕೆ ಹಣೆ ಅಂತಾಳೆ, ಕಣ್ಣು ಅಂತಾಳೆ. ನಾಳೆ ಎಂಜಿನ್ ನನ್ನ ಜತೆ ಮಾತಾಡ್ತು ಅಂತಾಳೆ."

"ಬಿಚ್ಚಿ ನೋಡಬಹುದಾ ಸಾರ್?" ಜಯಪ್ಪನವರನ್ನು ಕೇಳಿದೆ.

"ಬೇಡ" ಅಂದರು ದೊಡ್ಡಪ್ಪ.

ಅವರ ದನಿ ಅಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ. ಅವರು ಎದ್ದು ನಿಂತಿದ್ದರು. ಕಾಯಿಲು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಕಾಯಿಲು ಕೆಳಗೆ ಬೀಳಿಸಿದರೆ ನನಗೆ ಒಂದು ದಿನ ಪೂರ್ತಿ ಬೈಯುವ ಮನುಷ್ಯ.

"ನಮಗೆ ಹೇಳಿರೋದು ಓಡಿಸಿ ನೋಡಿ ಅಂತ. ಬಿಚ್ಚಿ ಅಂತಲ್ಲ. ನಾಳೆ ಕೋರ್ಟಲ್ಲಿ ನೀವೇ ಕೆಡಿಸಿದ್ರಿ ಅಂತಾರೆ."

"ಎರಡು ಸ್ಕ್ರೂ ದೊಡ್ಡಪ್ಪ."

"ಬೇಡ ಅಂದೆ."

ಇದೇ ದೊಡ್ಡಪ್ಪ ನನಗೆ ಕಲಿಸಿದ ಮೊದಲ ಪಾಠ, ಬಿಚ್ಚದೆ ಯಾವುದರ ಬಗ್ಗೆಯೂ ಮಾತಾಡಬೇಡ ಅನ್ನುವುದು. ಅಪ್ಪ ತೀರಿಕೊಂಡು ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಾಗ, ಇದೇ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದರು.

ಜಯಪ್ಪ ಇಬ್ಬರನ್ನೂ ನೋಡಿದರು. ಮಂಡಕ್ಕಿಯ ಪೇಪರನ್ನು ಉಂಡೆ ಮಾಡಿದರು.

"ಬಿಚ್ಚಲಿ ಬಿಡಿ ಮೇಸ್ತ್ರಿ. ಏನೂ ಇಲ್ಲದಿದ್ದರೆ ಮತ್ತೆ ಹಾಕ್ತಾಳೆ. ನಾನು ವಿಡಿಯೋ ಮಾಡ್ಕೋತೀನಿ, ಕೆಡಿಸಿದ್ರು ಅಂತ ಯಾರೂ ಹೇಳೋ ಹಾಗಿಲ್ಲ. ನಾನೂ ಮೂವತ್ತು ವರ್ಷ ಸ್ಟೇಷನ್ನಲ್ಲಿ ಸೊಳ್ಳೆ ಹೊಡ್ಕೊಂಡು ಕೂತಿಲ್ಲ."

ರೂಪೇಶ್ ಎಂಜಿನ್ನಿಗೆ ಅಡ್ಡ ಬಂದು ನಿಂತ. "ಮಾಲೀಕರನ್ನ ಕೇಳಬೇಕು ಸಾರ್. ಒಂದು ಫೋನ್ ಮಾಡ್ತೀನಿ."

"ಮಾಡು. ಆ ಕಡೆ ಹೋಗಿ ಮಾಡು. ಸಿಗ್ನಲ್ ಚೆನ್ನಾಗಿ ಬರುತ್ತೆ."

ಅವನು ಸರಿದ. ಹೋಗುವಾಗ ನನ್ನ ಕಿವಿಯ ಹತ್ತಿರ ಬಗ್ಗಿದ. ಸೆಂಟು, ಗುಟ್ಕಾ, ಅದರ ಕೆಳಗೆ ಬೆವರು. "ಪಾತ್ರೆ ತೊಳ್ಕೊಂಡಿರೋರು ಪಾತ್ರೆ ತೊಳ್ಕೊಂಡಿರಬೇಕು" ಅಂದ. ನನ್ನ ಕೆನ್ನೆಯ ಮೇಲೆ ಎರಡು ಹನಿ ಬಿದ್ದವು. ವೇಲಿನಿಂದ ಒರೆಸಿಕೊಂಡೆ. ಆ ವೇಲನ್ನು ಮತ್ತೆ ಮೈಮೇಲೆ ಹಾಕಿಕೊಳ್ಳಲು ಆಗಲಿಲ್ಲ, ತೆಗೆದು ಮೊಳೆಗೆ ಸಿಕ್ಕಿಸಿದೆ.

ಸ್ಕ್ರೂಡ್ರೈವರ್ ತಂದೆ. ಮೊದಲನೆಯ ಸ್ಕ್ರೂ ಸಲೀಸಾಗಿ ಬಂತು. ಎರಡು ತಿಂಗಳ ಹಿಂದೆ ಹಾಕಿದ್ದಾದರೆ, ಅದರಲ್ಲೂ ನೀರಿನ ಮೇಲೆ ಓಡಾಡುವ ಎಂಜಿನ್ನಿನಲ್ಲಿ, ಇಷ್ಟು ಸಲೀಸಾಗಿ ಬರಬಾರದು. ಎರಡನೆಯದೂ ಬಂತು. ಜಯಪ್ಪನವರ ಮೊಬೈಲ್ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿತ್ತು.

ಡಬ್ಬಿಯನ್ನು ಮೆಲ್ಲಗೆ ಎತ್ತಿದೆ.

ಎರಡು ತೂತು. ಎರಡರ ನಡುವೆ, ಸರಿಯಾಗಿ ನಡುವೆ, ಒಣಗಿ ಕಪ್ಪಿಗೆ ತಿರುಗಿದ ಒಂದು ಕೆಂಪು ಬೊಟ್ಟು. ಒಂದು ಅಂಚು ಡಬ್ಬಿಯ ಒತ್ತಿಗೆ ಚಪ್ಪಟೆಯಾಗಿತ್ತು. ಉಳಿದದ್ದರಲ್ಲಿ ಬೆರಳಿನ ಗೆರೆಗಳು ಕಾಣುತ್ತಿದ್ದವು.

ಕರಿಬಸಮ್ಮ ಯಾವಾಗ ಎದ್ದು ಬಂದಳೋ, ನನ್ನ ಪಕ್ಕದಲ್ಲಿದ್ದಳು. ತನ್ನ ಉಂಗುರದ ಬೆರಳನ್ನು ಮುಂದೆ ಚಾಚಿ, ಮುಟ್ಟದೆ, ಬೊಟ್ಟಿನ ಎದುರಿಗೆ ಹಿಡಿದಳು.

"ಇದೇಯ" ಅಂದಳು.

"ಮುಟ್ಟಬೇಡಿ ಕರಿಬಸಮ್ಮ" ಅಂದರು ಜಯಪ್ಪ. ಅವರ ದನಿ ಬದಲಾಗಿತ್ತು. "ಗೌರಿ ಹಬ್ಬಕ್ಕೆ ಡಬ್ಬಿ ಹಾಕಿದ್ರೆ, ಆಯುಧ ಪೂಜೆ ಕುಂಕುಮ ಅದರ ಕೆಳಗೆ ಹೆಂಗ್ ಹೋಯ್ತೋ ರೂಪೇಶ?"

ಫೋನು ಇನ್ನೂ ಅವನ ಕಿವಿಯಲ್ಲಿತ್ತು. ಆ ಕಡೆ ಯಾರೂ ಎತ್ತಿರಲಿಲ್ಲ.

"ಸೋರಿ ಹೋಗಿರುತ್ತೆ ಸಾರ್. ನೀರಲ್ಲಿ ಕಲಸಿದ್ದು ಅಂತ ಅವಳೇ ಅಂದಳಲ್ಲ."

"ಸೋರಿದ ಕುಂಕುಮ ಬೊಟ್ಟಾಗಿ ನಿಲ್ಲಲ್ಲ" ಅಂದೆ. "ಬೆರಳಿನ ಗೆರೆಯಂತೂ ಬರಲ್ಲ."

"ನೀನು ಸುಮ್ನಿರೆ."

"ಅವಳು ಸುಮ್ನಿರೋದು ಬೇಡ" ಅಂದರು ಜಯಪ್ಪ. "ಪೂಜೆ ಆಗಿ ಹನ್ನೊಂದನೇ ದಿನಕ್ಕೆ ಆ ಟೀಚರ್ ಸತ್ತಿದ್ದು. ಅವತ್ತು ವಿಡಿಯೋದಲ್ಲಿ ಹದಿನೇಳು. ಅಂದ್ರೆ ಅವತ್ತೂ ಡಬ್ಬಿ ಇರಲಿಲ್ಲ. ನಾವು ಸೀಲ್ ಹಾಕಿದ್ದು ಎರಡು ದಿನ ಬಿಟ್ಟು. ಆ ಎರಡು ದಿನ ಎಂಜಿನ್ ಎಲ್ಲಿತ್ತು? ನಿಮ್ಮ ಶೆಡ್ಡಲ್ಲಿತ್ತು. ಹೆಣ ಮಣ್ಣಾಗೋ ಮುಂಚೆ ಕೂತು ರಿಪೇರಿ ಮಾಡಿದೀರಲ್ಲೋ. ಅನ್ನ ಹೇಗೆ ಇಳೀತು ನಿಮಗೆ?"

ರೂಪೇಶ್ ಬಾಯಿಯಲ್ಲಿದ್ದದ್ದನ್ನು ನುಂಗಿದ. ಉಗಿಯಲಿಲ್ಲ.

"ನಾನು ಹಾಕಿಲ್ಲ ಸಾರ್" ಅಂದ.

"ಗೌರಿ ಹಬ್ಬಕ್ಕೆ ನಾನೇ ಹಾಕಿದೆ ಅಂತ ಬರೆದುಕೊಟ್ಟಿದೀಯ."

"ಬರೆದುಕೊಡು ಅಂದ್ರು, ಕೊಟ್ಟೆ. ಹರಿದ ಪ್ಯಾಕಿಂಗ್ ಆ ಎರಡು ದಿನದಲ್ಲಿ ಬದಲಾಯಿಸಿದ್ದು ನಾನು, ಒಪ್ಕೋತೀನಿ. ವೈರಿಂಗ್ ಕೆಲಸ ನನಗೆ ಬರಲ್ಲ. ಈ ಹಳೇ ಎಂಜಿನ್ನಿಗೆ ಆ ಡಬ್ಬಿ ಕೂರಿಸೋಕೆ ಬೇರೆ ವೈರು ಎಳೀಬೇಕು. ಗೊತ್ತಿರೋರನ್ನ ಕರೆಸಿದ್ರು."

"ಯಾರನ್ನ?"

ರೂಪೇಶ್ ಜಯಪ್ಪನವರನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಅಂಗಡಿಯ ನೆರಳಿನ ಕಡೆ ನೋಡಿದ.

"ನೀವೇ ಹೇಳಿ ಮೇಸ್ತ್ರಿ, ವೈರಿಂಗ್ ನನಗೆ ಬರುತ್ತಾ?"

ದೊಡ್ಡಪ್ಪ ಕೆಳಗೆ ಬಿದ್ದ ಕಾಯಿಲನ್ನು ಎತ್ತಿಕೊಳ್ಳಲು ಬಗ್ಗಿದ್ದರು. ಬಗ್ಗಿದವರು ಬೇಗ ಏಳಲಿಲ್ಲ.

ನಾನು ಕೈಯಲ್ಲಿದ್ದ ಡಬ್ಬಿಯನ್ನು ಮಗುಚಿದೆ. ಬೆನ್ನಿನಿಂದ ನಾಲ್ಕು ವೈರು ಹೊರಟು ಒಂದು ಕಟ್ಟಾಗಿ ಎಂಜಿನ್ನಿನೊಳಗೆ ಹೋಗಿದ್ದವು. ಮೆಕ್ಯಾನಿಕ್ಕುಗಳು ಇಂಥ ಕಡೆ ಟೇಪು ಸುತ್ತುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಇಲ್ಲಿ ಅದೊಂದೂ ಇರಲಿಲ್ಲ.

ದಾರ ಇತ್ತು. ಬಿಳಿ ಹತ್ತಿಯ ದಾರ. ಎರಡು ಸುತ್ತು ಮುಂದೆ, ಒಂದು ಸುತ್ತು ಹಿಂದೆ. ಮೇಲೊಂದು ಹನಿ ವಾರ್ನಿಶ್, ಜೇನಿನ ಬಣ್ಣಕ್ಕೆ ಗಟ್ಟಿಯಾದದ್ದು.

ಬಾಲ ಎಡಕ್ಕಿತ್ತು.

ಟೀಚರ್ ಸತ್ತ ಮಾರನೆಯ ದಿನ, ಅದರ ಮಾರನೆಯ ದಿನ, ನಮ್ಮ ಅಂಗಡಿಗೆ ಬೀಗ ಇತ್ತು. ಮಗಳ ಮನೆಗೆ ಹೋಗಿದ್ದೆ ಅಂದಿದ್ದರು ದೊಡ್ಡಪ್ಪ. ನಾನು ಮರುಪ್ರಶ್ನೆ ಕೇಳಿರಲಿಲ್ಲ. ಅಲ್ಲಿಂದೀಚೆಗೆ ದಿನಾ ಇವರ ಲೋಟ ತೊಳೆದಿದ್ದೆ, ಇವರ ಎಲೆ ಎತ್ತಿದ್ದೆ. ಕರಿಬಸಮ್ಮ ದಿನಾ ಬಂದು ಆ ಬೆಂಚಿನ ಮೇಲೆ ಕೂರುವಾಗ, ಇವರು ದಿನಾ ಅವಳಿಗೆ ಚಾ ತರಿಸಿ ಕೊಟ್ಟಿದ್ದರು. ಸಕ್ಕರೆ ಸಾಕಾ ಅಂತಲೂ ಕೇಳಿದ್ದರು.

ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲೂ ಅದೇ ವಾರ್ನಿಶ್ ಇತ್ತು. ಅದೇ ಡಬ್ಬದ್ದು. ಆ ಬೆರಳನ್ನು ನಾನು ಗಂಟಿನ ಮೇಲೆ ಇಟ್ಟುಕೊಂಡೆ. ಮುಚ್ಚುವುದಕ್ಕೋ ತೋರಿಸುವುದಕ್ಕೋ ನನಗೇ ತಿಳಿಯಲಿಲ್ಲ.

ದೊಡ್ಡಪ್ಪ ಎದ್ದು ನಿಂತರು. ಕಾಯಿಲು ಎದೆಗೆ ಅವಚಿಕೊಂಡಿದ್ದರು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ನನ್ನ ಹೆಬ್ಬೆರಳಿನ ಮೇಲಿತ್ತು.

ಜಯಪ್ಪ ಮೊಬೈಲ್ ಜೇಬಿಗೆ ಹಾಕಿದರು. ಹೊಸ ಹಾಳೆಯೊಂದನ್ನು ಫೈಲಿನ ಮೇಲೆ ಇಟ್ಟು, ಕಿವಿಯಿಂದ ಪೆನ್ನು ತೆಗೆದು, ದೊಡ್ಡಪ್ಪನ ಎದುರಿನ ಮೇಜಿಗೆ ಸರಿಸಿದರು. "ಆಗ ಹೇಳಿದ್ದು ಬಿಟ್ಟುಬಿಡಿ ಮೇಸ್ತ್ರಿ. ಮೊದಲಿಂದ ಬರೀರಿ. ಇನ್ನೂ ಹೊತ್ತಿದೆ."

ದೊಡ್ಡಪ್ಪ ಪೆನ್ನು ಮುಟ್ಟಲಿಲ್ಲ.

ಕರಿಬಸಮ್ಮ ಒಬ್ಬಳ ಮುಖದಲ್ಲಿ ಮಾತ್ರ ಬೆಳಕಿತ್ತು. ಅವಳಿಗೆ ದಾರ ಕಂಡಿರಲಿಲ್ಲ. ಊಟದ ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು, ಮೇಜಿನ ಹತ್ತಿರ ಬಂದಳು. ಎರಡೂ ಕೈ ಜೋಡಿಸಿ ದೊಡ್ಡಪ್ಪನ ಮುಂದೆ ನಿಂತಳು.

"ನಾನು ಕುಂಕುಮ ಇಟ್ಟಿದ್ದು ಅದರಲ್ಲಿ ಬರೀರಿ ಸ್ವಾಮಿ."